ಮೂವತ್ತೇಳು ಒತ್ತಕ್ಷರಗಳು

ನಿಗಡಿ, ಪುಣೆ
ಗುರುವಾರ

ಪ್ರೀತಿಯ ಈರಬಸಪ್ಪ ಕಾಕಾ,

ಫೋನಿನಲ್ಲಿ ಕೇಳಿದರೆ ನೀವು ನಕ್ಕುಬಿಡುತ್ತೀರಿ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಈ ಪತ್ರವನ್ನು ನಿಮ್ಮ ಪ್ರೆಸ್ಸಿನ ಬಾಗಿಲ ಸಂದಿಯಲ್ಲಿಟ್ಟು ಹಿಂಜವಾಡಿಯ ಆಫೀಸಿಗೆ ಹೋಗುತ್ತಿದ್ದೇನೆ.

ಭಾನುವಾರ ಇಲ್ಲಿಯ ಕನ್ನಡ ಬಳಗದಲ್ಲಿ ಬಿಡುಗಡೆಯಾಗುವ ನಮ್ಮ ಕನ್ನಡ ತಂತ್ರಾಂಶವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಬದಲಿಸಬಹುದು. ಅದರೊಳಗಿನ ಫಾಂಟಿಗೂ ಆ ಅನುಮತಿ ಇರಲೇಬೇಕು. "ಎಲ್ಲಾ ನನ್ನ ಕೈಯಾಗಿನ ಅಕ್ಷರ ನೋಡವಾ, ಯಾರಿಗೆ ಬೇಕಾದ್ರೂ ಕೊಡು" ಎಂದು ನೀವು ಪೆನ್‌ಡ್ರೈವ್ ಕೊಟ್ಟಾಗ ನಾನು ಪರೀಕ್ಷಿಸಲಿಲ್ಲ. ಆ ತಪ್ಪು ನನ್ನದು. ನಿನ್ನೆ ಫಾಂಟಿನ ಫೈಲ್ ತೆರೆದು ನೋಡಿದೆ. ಒಳಗೆ ಬೇರೊಂದು ಕಂಪನಿಯ ಹೆಸರಿದೆ. ಕೊಂಡವರು ಇತರರಿಗೆ ಹಂಚುವಂತಿಲ್ಲ ಎಂದಿದೆ.

ಆ ಕಂಪನಿಯ ಹಳೆಯ ಫಾಂಟನ್ನು ಹುಡುಕಿ ನಿಮ್ಮದರ ಪಕ್ಕಕ್ಕಿಟ್ಟೆ. ಹಳೆಯವು ಲಗ್ನಪತ್ರಿಕೆಯಲ್ಲಿ ಕೆಳಗಿನ ಸಾಲಿಗೆ ತಾಗುತ್ತವೆಂದು ನೀವು ಹೊಸದಾಗಿ ಬರೆದ ಒತ್ತಕ್ಷರಗಳು ಮೂವತ್ತೇಳು. ಭಾಳ ಚೆಂದ ಇವೆ. ಉಳಿದವೆಲ್ಲ ಅವರವು. ಇಪ್ಪತ್ತು ವರ್ಷ ಅವುಗಳ ಜೊತೆಗೇ ಕೂತು ನಿಮಗೆ ಎಲ್ಲವೂ ನಿಮ್ಮದೇ ಅನ್ನಿಸಿರಬಹುದು.

ತಂತ್ರಾಂಶದಿಂದ ಫಾಂಟನ್ನು ತೆಗೆದುಹಾಕಿದ್ದೇನೆ. ಕಾರಣ ಯಾರಿಗೂ ಹೇಳಿಲ್ಲ. ಆದರೆ ಫಾಂಟ್ ಕೊಟ್ಟಿದ್ದಕ್ಕೆ ನಿಮಗೆ ಸನ್ಮಾನವೆಂದು ಆಮಂತ್ರಣ ಹಂಚಿಯಾಗಿದೆ, ನಿಮ್ಮನ್ನು ಪರಿಚಯಿಸಬೇಕಾದವಳು ನಾನು. ಎರಡು ಭಾಷಣ ಬರೆದಿಟ್ಟಿದ್ದೇನೆ. ಒಂದರಲ್ಲಿ ಆ ಮೂವತ್ತೇಳು ಒತ್ತಕ್ಷರಗಳ ಕಥೆಯಿದೆ, ಇನ್ನೊಂದರಲ್ಲಿ ಫಾಂಟಿನ ಮಾತೇ ಇಲ್ಲ. ಯಾವುದನ್ನು ತರಲಿ, ಶನಿವಾರದೊಳಗೆ ತಿಳಿಸಿ.

ಎಲ್ಲ ಅಕ್ಷರಗಳೂ ನಿಮ್ಮವೆನ್ನುವ ಮೂರನೆಯದೊಂದನ್ನು ಬರೆಯೆಂದು ಮಾತ್ರ ಕೇಳಬೇಡಿ, ಕಾಕಾ. ನೀವು ಕೇಳಿದರೆ ನಾನು ಬರೆದುಬಿಡುತ್ತೇನೆ.

ನಿಮ್ಮ
ಮಾಧುರಿ