ಒಲೆಯಿಂದ ಎಳೆದ ಹಾಡಿನ ಪತ್ರಿಕೆಗಳು

ಚೇರಂಬಾಣೆ
೧೩-೨-೧೯೭೨

ಪ್ರೀತಿಯ ತಮ್ಮ ಪದ್ಮಯ್ಯನಿಗೆ,

ಹೇಗಿದ್ದೀಯಪ್ಪ? ಬೊಂಬಾಯಿಯ ಹೋಟೆಲಿನಲ್ಲಿ ಗಿಟಾರ್ ಬಾರಿಸುತ್ತ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಆ ಕೆಮ್ಮು ಹೋಯಿತೆ? ಇಲ್ಲಿ ಭಾವ, ಮಕ್ಕಳು ಚೆನ್ನಾಗಿದ್ದಾರೆ.

ಕಳೆದ ಭಾನುವಾರ ತವರಿಗೆ ಹೋಗಿದ್ದೆ. ಅಟ್ಟ ಗುಡಿಸುವಾಗ ನಿನ್ನ ಇಂಗ್ಲಿಷ್ ಹಾಡಿನ ಪತ್ರಿಕೆಗಳು ಸಿಕ್ಕಿದವು. ಅರವತ್ತೇಳು, ಅರವತ್ತೆಂಟರವು. ಎಸ್ಟೇಟಿನ ದೊರೆ ಓದಿ ಎಸೆದದ್ದನ್ನು ನೀನು ಬಂಗಲೆಯಿಂದ ಹೊತ್ತು ತರುತ್ತಿದ್ದೆಯಲ್ಲ, ಅವೇ. ಅವ್ವ ಕೆಲಸ ಬಿಟ್ಟು ನನ್ನ ಜೊತೆ ಜಗಲಿಯಲ್ಲಿ ಕುಳಿತಳು. ಒಂದೊಂದೇ ಚಿತ್ರ ನೋಡಿದೆವು: ಕೆಸರು ಬಯಲಲ್ಲಿ ಹಾಡು ಕೇಳಲು ಸೇರಿದ ಜನ, ಹೂವಿನ ಅಂಗಿಯ ಹುಡುಗರು, ಕೊರಳಿಗೆ ಮೌತ್ ಆರ್ಗನ್ ಕಟ್ಟಿಕೊಂಡ ಒಬ್ಬ ಸಣಕಲ. ಅವರಲ್ಲಿ ಕೆಲವರು ತಮ್ಮ ಅಜ್ಜಿಯರ ಹಾಡನ್ನೇ ಹಾಡುತ್ತಾರೆಂದು ಹೇಳಿ, ನೀನು ಅವ್ವನಿಂದ ನಾಟಿಯ ಹಾಡು ಹೇಳಿಸಿ ಅದರ ಧಾಟಿಯನ್ನು ಗಿಟಾರಿನಲ್ಲಿ ಹುಡುಕುತ್ತಿದ್ದೆ. ಅದು ನೆನಪಾಗಿ ಇಬ್ಬರೂ ನಕ್ಕೆವು. ಒಂದು ಪುಟದಲ್ಲಿ ಒಬ್ಬ ವೇದಿಕೆಯ ಮೇಲೆ ತನ್ನ ಗಿಟಾರನ್ನು ತಾನೇ ನೆಲಕ್ಕೆ ಬಡಿದು ಒಡೆಯುತ್ತಿದ್ದ. ಅವ್ವನ ನಗು ನಿಂತುಹೋಯಿತು. ಅಂದು ಅಪ್ಪ ನಿನ್ನ ಗಿಟಾರನ್ನು ಕೊಡಲಿಯಿಂದ ಸೀಳಿ, ನಿನ್ನನ್ನು ಅಂಗಳದಲ್ಲಿ ಕೆಡವಿ, ಎದೆಗೆ ಮಂಡಿಯೂರಿ ನೀನು ಉದ್ದ ಬೆಳೆಸಿದ್ದ ಕೂದಲನ್ನು ಕತ್ತಿಯಿಂದ ಕೊಯ್ದದ್ದು, ಕಿವಿಯಿಂದ ರಕ್ತ ಸುರಿದದ್ದು ಇಬ್ಬರಿಗೂ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಅಪ್ಪ ಬಂದರು. ಪತ್ರಿಕೆಗಳನ್ನೆಲ್ಲ ಬಾಚಿ ಒಳಗೆ ಒಯ್ದು ಉರಿಯುವ ಒಲೆಗೆ ತುರುಕಿದರು. ಅವ್ವ ಹಿಂದೆಯೇ ಓಡಿ ಉರಿಯೊಳಗೆ ಕೈಹಾಕಿ ಅವನ್ನು ಎಳೆದಳು. "ಅದ್ ನನ್ನ ಮಗಂದ್, ಬುಡಿ" ಅಂದಳು. ಅಪ್ಪ ಅವಳ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿದರು, ಮತ್ತೆ ಬಡಿದರು. ಬಿಡಿಸಲು ಹೋದ ನನ್ನ ತುಟಿ ಒಡೆಯಿತು. ಅವ್ವನ ಕೈಗೆ ಒನಕೆ ಹೇಗೆ ಸಿಕ್ಕಿತೋ ನಾನು ಕಾಣೆ. ಬೀಸಿದ ಏಟಿಗೆ ಅಪ್ಪನ ಮುಂಗೈ ಮುರಿದ ಸದ್ದು ಕೇಳಿಸಿತು. ಅವರು ಕುಸಿದು ಕುಳಿತರು. ಹಣೆಯಿಂದ ಇಳಿದ ರಕ್ತವನ್ನೂ ಒರೆಸದೆ ಅವ್ವ ಅವರೆದುರು ನಿಂತಳು. "ಇನ್ನೊಂದ್ ಸಲ ಮುಟ್ಟಿರೆ ತಲೆಗೇ ಹಾಕ್ನೆ." ಮೂವತ್ತು ವರ್ಷ ಏಟು ತಿಂದವಳು, ಪದ್ಮಯ್ಯಾ! ನನಗೆ ಹೆದರಿಕೆಯಾಯಿತು. ಸುಳ್ಳೇಕೆ, ಸಂತೋಷವೂ ಆಯಿತು.

ಅಪ್ಪ ಈಗ ಮಡಿಕೇರಿ ಆಸ್ಪತ್ರೆಯಲ್ಲಿದ್ದಾರೆ. ಅವ್ವ ನನ್ನ ಮನೆಯಲ್ಲಿದ್ದಾಳೆ. ಸುಟ್ಟ ಕೈಗೆ ಬೆಣ್ಣೆ ಹಚ್ಚುತ್ತಿದ್ದೇನೆ.

ಕಾವೇರಮ್ಮ ನಿನ್ನನ್ನು ಕಾಯಲಿ. ಭಾವ ಕೇಳಿದರೆಂದು ತಿಳಿ.

ನಿನ್ನ ಅಕ್ಕ,
ಯಮುನ

ಮರೆತ ಮಾತು: ಮುರಿದ ಕೈ ಕೂಡಿದ ದಿನವೇ ಕೋವಿ ಹಿಡಿದು ಅವ್ವನನ್ನು ಹುಡುಕಿ ಬರುತ್ತೇನೆಂದು ಅಪ್ಪ ಹೇಳಿ ಕಳಿಸಿದ್ದಾರೆ. ಅವರು ಅಂದದ್ದನ್ನು ಮಾಡುವವರು. ಬರುವ ವಾರ ನನ್ನ ಮೈದುನ ಕೃಷ್ಣಪ್ಪ ಅವ್ವನನ್ನು ನಿನ್ನಲ್ಲಿಗೆ ಕರೆತರುತ್ತಾನೆ. ಹೊರಡುವಾಗ ತಂತಿ ಕೊಡುತ್ತಾನೆ. ಸ್ಟೇಷನ್ನಿಗೆ ನೀನೇ ಬಾ, ಯಾರನ್ನೂ ಕಳಿಸಬೇಡ. ಅವಳು ರೈಲು ಕಂಡವಳಲ್ಲ.