ಭೂತಮ್ಮನ ಮನೆಯ ಮುಯ್ಯಿ

ಬೆಳಗೋಡು
೧೮-೫-೨೦೨೫, ಭಾನುವಾರ

ಪ್ರೀತಿಯ ಸುಚ್ಚಿ,

ಹೇಗಿದ್ದೀಯ ಮಗಳೇ? ಆ ಹೊಂಡಬಿದ್ದ ಗ್ರೌಂಡಿನಲ್ಲಿ ಉಳುಕಿದ ಕಾಲು ಈಗ ಹೇಗಿದೆ? ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೊ, ಕಪಾಟಿನಲ್ಲಿಟ್ಟು ಮರೆಯಬೇಡ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಅಪ್ಪ ಕ್ಷೇಮ, ಅಜ್ಜ ಕ್ಷೇಮ, ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಪ್ರಾಕ್ಟೀಸ್ ಇದೆ ಎಂದು ಅರ್ಧಕ್ಕೇ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಪೂರ್ತಿ ಓದು.

ಹೊಸ ಟ್ರ್ಯಾಕಿಗೆ, ಪೆವಿಲಿಯನ್ನಿಗೆ ದೇಣಿಗೆ ಎತ್ತಲು ನಿಮ್ಮ ವಿಶ್ವವಿದ್ಯಾಲಯದವರು ನಿನ್ನ ಮೇಲೆ ವಿಡಿಯೊ ಮಾಡುತ್ತಾರೆ ಎಂದಾಗ ನಾನು ಹಿಗ್ಗಿದ್ದು ನಿಜ. ನೆಂಟರು ಬಂದರೆ ಇರುವುದರಲ್ಲಿ ಒಳ್ಳೆಯದನ್ನು ತೋರಿಸುವವರು ನಾವು. ಗೋಡೆಗೆ ಸುಣ್ಣ ಹೊಡೆಸಿದೆ, ರೇಷ್ಮೆ ಸೀರೆ ಉಟ್ಟೆ, ಕಡುಬು ಬೇಯಿಸಿದೆ, ನಿನ್ನ ಕಪ್‌ಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಸಾಲಾಗಿ ಇಟ್ಟೆ. ಅಜ್ಜ ಪೇಟ ಸುತ್ತಿಕೊಂಡು ಜಗುಲಿಯಲ್ಲಿ ಕೂತಿದ್ದರು, ಮಗನಿಗೆ ಹೆಣ್ಣೆಂದು ನನ್ನನ್ನು ನೋಡಲು ಬಂದ ದಿನ ಕೂಡ ಪೇಟ ಸುತ್ತಿರಲಿಲ್ಲ. ಬಂದವರು ಕಡುಬು ತಿಂದರು, ಮನೆ ನೋಡಿದರು, ಮುಖ ಸಣ್ಣ ಮಾಡಿದರು. ಇಷ್ಟು ಚೆನ್ನಾಗಿರುವ ಮನೆ ತೋರಿಸಿದರೆ ಯಾರು ಮೇಡಂ ಕೊಡುತ್ತಾರೆ ಎಂದರು. ಫೋನು ಮಾಡಿ ನಿನ್ನನ್ನು ಕೇಳಿದರೆ ನೀನು, "ಅವರು ಹೇಳಿದ ಹಾಗೆ ಮಾಡಮ್ಮ, ಟ್ರ್ಯಾಕ್ ಆಗಬೇಕು" ಎಂದೆ. ಆಗಲೇಬೇಕು, ನಿನ್ನ ಊದಿದ ಕಾಲು ನೋಡಿದವಳು ನಾನು. ಸರಿ ಎಂದು ಹಳೇ ಸೀರೆ ಉಟ್ಟು, ಅವರು ತೋರಿಸಿದ ಕಡೆ, ಗದ್ದೆಯಾಚೆ ಭೂತಮ್ಮನ ಮನೆ ಬಾಗಿಲಲ್ಲಿ ನಿಂತೆ. ಭೂತಮ್ಮ ಪಾಪ, ಕ್ಯಾಮೆರಾ ಬರುತ್ತದೆಂದು ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ಅದನ್ನು ಕಾಲಲ್ಲಿ ಅಳಿಸಿ, ಅವಳನ್ನೂ ಅವಳ ಮಗಳು ಲಕ್ಷ್ಮಿಯನ್ನೂ ಪಕ್ಕಕ್ಕೆ ಸರಿಸಿದರು. ಏತಕ್ಕೆಂದು ಅವಳಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮೊನ್ನೆ ವಿಡಿಯೊ ಅವಳ ಫೋನಿಗೂ ಬಂತು. ಅಳುವ ಪಿಟೀಲು, ಅವಳ ಹರಕು ಟಾರ್ಪಾಲು, ಕೆಳಗೆ 'ಸುಚಿತ್ರಾಳ ಮನೆ' ಎಂಬ ಅಕ್ಷರ. ದೇಣಿಗೆ ಧಾರಾಳವಾಗಿ ಬರುತ್ತಿದೆಯಂತೆ, ಬರಲಿ. ಆದರೆ ನಾಟಿಗೆ ನಾನೂ ಅವಳೂ ಮುಯ್ಯಾಳು ಅಲ್ಲವೇ? ಅವಳು ಒಂದು ದಿನ ನಮ್ಮ ಗದ್ದೆಗೆ ಇಳಿದರೆ ನಾನು ಒಂದು ದಿನ ಅವಳ ಗದ್ದೆಗೆ ಇಳಿಯಬೇಕು. ಆ ಲೆಕ್ಕ ಹಿಡಿದುಕೊಂಡೇ ಶುಕ್ರವಾರ ಮನೆಗೆ ಬಂದಳು. ಜಗಳಕ್ಕೆ ಬಂದಳೆಂದು ನಾನೇ ಮೊದಲು ದನಿ ಏರಿಸಿದೆ. ಅವಳು ಏರಿಸಲಿಲ್ಲ.

"ಬಡವ್ರ ಮನೆ ಅಂತ ತೋರ್ಸವ್ರೆ, ತೋರ್ಸ್ಲಿ. ಆದ್ರೆ ನನ್ ಮನೆ ನಿಮ್ ಕೆಲ್ಸಕ್ಕೆ ಒಂದಿನ ಬಂದೈತೆ ಕಣಕ್ಕ. ಮುಯ್ಯಿ ತಿರುಗ್ಸಬೇಕು" ಎಂದಳು.

ಏನು ಬೇಕೆಂದು ಕೇಳಿದೆ. ಹೇಳಿದಳು. ನಾನು ಹೂಂ ಎಂದುಬಿಟ್ಟೆ. ಆಗಿನಿಂದ ಒಲೆ ಮೇಲೆ ಹಾಲಿಟ್ಟರೆ ಉಕ್ಕಿಹೋಗುತ್ತದೆ, ಯಾಕೆಂದರೆ ತಿರುಗಿಸಬೇಕಾದವಳು ನಾನಲ್ಲ, ನೀನು.

ಗೆದ್ದರೂ ಸೋತರೂ ಊಟ ಬಿಡಬೇಡ. ಅಜ್ಜ ಹರಸಿದ್ದಾರೆ. ಅಪ್ಪ ಆಲೂರು ಸಂತೆಯಲ್ಲೂ ನಿನ್ನ ಹೆಸರು ಹೇಳಿ ಬೀಗುತ್ತಾರೆ.

ನಿನ್ನ ಅಮ್ಮ,
ನಾಗರತ್ನ

ತಾ.ಕ.: ಬಸ್ಸು ಬಂತು. ಈ ಕಾಗದ ನಿನ್ನ ಕೈಗೆ ಕೊಟ್ಟು ಎದುರಿಗೆ ನಿಂತಿರುವವಳು ಭೂತಮ್ಮನ ಮಗಳು ಲಕ್ಷ್ಮಿಯೇ. ಮೊದಲು ಊಟ ಹಾಕಿಸು. ಬುಧವಾರ ನಿಮ್ಮ ಕ್ರೀಡಾ ಹಾಸ್ಟೆಲಿನ ಸೆಲೆಕ್ಷನ್‌ನಲ್ಲಿ ಅವಳೂ ಓಡುತ್ತಾಳೆ, ಅಲ್ಲಿಯವರೆಗೆ ನಿನ್ನ ರೂಮಿನಲ್ಲಿ ಇಟ್ಟುಕೊ. ಶಿಫಾರಸು ಬೇಡವಂತೆ. ಈ ಹುಡುಗಿ ಯಾರೆಂದು ಅಲ್ಲಿಯವರು ಕೇಳಿದಾಗ, ವಿಡಿಯೊದಲ್ಲಿ ತೋರಿಸಿದ ಮನೆ ಇವಳದು, ನನ್ನದಲ್ಲ ಎಂದು ನೀನೇ ಬಾಯಿಬಿಟ್ಟು ಹೇಳಬೇಕಂತೆ.