ಮೊದಲ ನಿಲ್ದಾಣದ ನೆಲ

ಬೆಟಗೇರಿ

ಚಿ. ಸೌ. ಸುಮಿತ್ರಾಳಿಗೆ ಅಪ್ಪನ ಆಶೀರ್ವಾದಗಳು.

ಮೊದಲು ಒಂದು ತಿದ್ದುಪಡಿ. ಗದಗಿನ ಮೊದಲ ರೈಲು ನಿಲ್ದಾಣಕ್ಕೆ ನಿನ್ನ ಮಾವನವರ ಅಜ್ಜ ನೆಲ ದಾನವಿತ್ತರೆಂದು ಏಕೀಕರಣ ಸಮಾರಂಭದ ಕರಪತ್ರದಲ್ಲಿ ಅಚ್ಚಾಗಿದೆ. ಅದು ತಪ್ಪು. ಅವರು ಕಟ್ಟಿಸಿದ್ದು ಪ್ರಯಾಣಿಕರಿಗೆ ನೀರು ಕೊಡುವ ಅರವಟ್ಟಿಗೆಯನ್ನು, ನೆಲ ಅವರದಾಗಿರಲಿಲ್ಲ. ನಿನ್ನ ಪತ್ರಕ್ಕೆ ಉತ್ತರ ತಡವಾದುದಕ್ಕೆ ಬೇಸರಿಸಬೇಡ. ಖಚಿತವಾಗದೆ ಬರೆಯುವುದು ನನಗೆ ಒಗ್ಗದು.

ನವೆಂಬರಿನ ಸ್ಮರಣ ಸಂಚಿಕೆಗೆ ಆ ನಿಲ್ದಾಣದ ಇತಿಹಾಸ ಬರೆದುಕೊಡಿರೆಂದು ಕೇಳಿದವರು ಸಮಿತಿಯ ಅಧ್ಯಕ್ಷರಾದ ನಿನ್ನ ಮಾವ ದೇವೇಂದ್ರಪ್ಪನವರೇ. ಹಳೆಯ ತಗಡಿನ ನಿಲ್ದಾಣವನ್ನು ಕೆಡವಿದಾಗ ಅರವಟ್ಟಿಗೆಯ ಕಲ್ಲನ್ನು ತಂದು ಹೊಸ ಕಟ್ಟಡದ ಗೋಡೆಯಲ್ಲಿ ಕೂರಿಸಿದ್ದಾರೆ. ಅರವಟ್ಟಿಗೆಯ ಸೇವೆಯೆಂದು ಹೇಳುವ ಕೆಳಗಿನ ಸಾಲು ಗಾರೆಯಡಿ ಮುಚ್ಚಿಹೋಯಿತು. ಮೇಲಿನ ಹೆಸರನ್ನಷ್ಟೇ ಓದಿದವರು ಭೂದಾನವೆಂದು ಬಗೆದರು. ಸಮಿತಿಯವರ ಕಣ್ಣೆದುರೇ ನಾನು ಕೀಲಿಕೈಯಿಂದ ಗಾರೆ ಕೆರೆದೆ.

"ಮಾಸ್ತರ, ಸರಕಾರದ ಗ್ವಾಡಿ ಐತಿ ಅದು, ಕೆರೀಬ್ಯಾಡ್ರಿ," ಎಂದರು ನಿನ್ನ ಮಾವ.

"ನಿಮ್ಮ ಅಜ್ಜಾರ ಪುಣ್ಯಾನ ಹೊರಗ ತೆಗ್ಯಾಕತ್ತೇನ್ರಿ, ಬೀಗರ," ಎಂದೆ.

ನೆಲ ಬೆಟಗೇರಿಯ ನೇಕಾರರದು. ಮಗ್ಗಕ್ಕೇರಿಸುವ ಹಾಸಿನ ನೂಲನ್ನು ಉದ್ದಕ್ಕೆ ಚಾಚಿ ಗಂಜಿ ಹಚ್ಚುತ್ತಿದ್ದ ಬಯಲು ಅದು. ಓಣಿ ಓಣಿಯ ಹಿರಿಯರು ಬೇರೆ ಬೇರೆಯಾಗಿ ಅದೇ ಜಾಗವನ್ನು ತೋರಿಸಿದರು. ಹಾಸು ಕಟ್ಟುತ್ತಿದ್ದ ಕಲ್ಲುಗೂಟಗಳು ಗೂಡ್ಸ್ ಶೆಡ್ಡಿನ ಹಿಂದೆ ಇಂದಿಗೂ ನಿಂತಿವೆ. ಮಗ್ಗದ ಮನೆಯ ಮುದುಕಿ ಹಸೀನಾಬಿ ನಕ್ಕು ನಕ್ಕು ಹೇಳಿದಳು: "ಇಂಜಿನ್ನು ಬಂದು ಬಿಳೇ ನೂಲಿನ ಮ್ಯಾಲ ಮಸಿ ಉಗುಳ್ತಂತ್ರಿ. ನಮ್ಮಜ್ಜಿ ಗಂಜಿ ಗಡಿಗಿ ಎತ್ತಿ ಅದರ ಮಾರಿಗೇ ಒಗದ್ಲು. ಬರಕೋರಿ ಮಾಸ್ತರ, ಹೊಗಿಬಂಡಿಗೆ ಮೊದಲು ಗಂಜಿ ಕುಡಿಸಿದಾಕಿ ನಮ್ಮಜ್ಜಿ!"

ಬರೆದುಕೊಂಡೆ. ಅದನ್ನು ಓದಿದ ನಿನ್ನ ಮಾವ ಮನೆಗೇ ಬಂದರು. "ನಾಡೆಲ್ಲ ಒಂದಾಗೋ ಹೊತ್ತಿನ್ಯಾಗ ನೀವು ಬೀಗತನ ಮುರೀತೀರೇನು? ನೇಕಾರರ ಸುದ್ದಿ ತೆಗೀರಿ, ಶಾಲು ಹೊದಸ್ತೀವಿ. ಇಲ್ಲಾಂದ್ರ ಪಂಚಮಿಗೆ ಸೊಸೀನ ತವರಿಗೆ ಕಳಸೂದಿಲ್ಲ."

"ಶಾಲು ಹಸೀನಾಬಿಗೆ ಹೊದಸ್ರಿ. ನೇಯ್ದಾಕಿ ಆಕಿ," ಎಂದೆ. ಚಹಾ ಮುಟ್ಟದೆ ಎದ್ದುಹೋದರು.

"ಅಪ್ಪಾ, ನಾಲ್ಕು ಸಾಲು ತೆಗೆದರೆ ಯಾರಿಗೇನು ನಷ್ಟ?" ಎಂದು ನೀನು ಬರೆದಿದ್ದೀಯೆ. ಬಯಲು ಹೋದ ಮೇಲೆ ಆ ಜನ ಓಣಿಯಲ್ಲಿ ಹಾಸು ಚಾಚಿ, ಚಕ್ಕಡಿ ಬಂದಾಗಲೆಲ್ಲ ಬಿಚ್ಚುತ್ತ ಬದುಕಿದರು. ನೆಲವನ್ನು ಸರಕಾರ ತೆಗೆದುಕೊಂಡಿತು. ಅದು ತಮ್ಮದಾಗಿತ್ತೆಂಬ ಮಾತನ್ನು ಅವರಿಂದ ಕಸಿಯುವ ಕೆಲಸ ನನ್ನಿಂದಾಗದು. ಲೇಖನವನ್ನು ಸಮಿತಿಯಿಂದ ಹಿಂದಕ್ಕೆ ಪಡೆದಿದ್ದೇನೆ. ನಾನೇ ಅಚ್ಚು ಹಾಕಿಸಿ, ನವೆಂಬರ್ ಒಂದರಂದು ನಿಲ್ದಾಣದ ಬಾಗಿಲಲ್ಲಿ ನಿಂತು ಹಂಚುತ್ತೇನೆ. ಸಮಾರಂಭದ ಮೆರವಣಿಗೆ ಅದೇ ದಾರಿಯಲ್ಲಿ ಬರಲಿದೆ, ಬರಲಿ.

ನಿನ್ನ ಸಂಸಾರ ತಣ್ಣಗಿರಲಿ. ಅತ್ತೆ-ಮಾವಂದಿರಿಗೆ ನನ್ನ ನಮಸ್ಕಾರ ತಿಳಿಸು, ಅದರಲ್ಲಿ ಕೊರತೆಯಾಗದಿರಲಿ.

ನಿನ್ನ ಅಪ್ಪ,
ಮುದಕಪ್ಪ

ತಾ. ಕ.: ಪಂಚಮಿಯ ದಿನ ನಿಮ್ಮೂರು ಲಕ್ಷ್ಮೇಶ್ವರದಿಂದ ಬರುವ ಮೋಟಾರುಗಳನ್ನೆಲ್ಲ ಕಾದೆ. ಅವರು ಕಳಿಸಲಿಲ್ಲವೆಂದೇ ನಂಬಿದ್ದೆ. ಹಾಗೆ ನಂಬಿ ಸಿಟ್ಟಾಗುವುದು ಸುಲಭವಾಗಿತ್ತು. ನಿನ್ನೆ ನಿಮ್ಮ ಮನೆಯ ಆಳು ಹನಮಪ್ಪ ಸಂತೆಯಲ್ಲಿ ಸಿಕ್ಕ. "ಸಾವುಕಾರು ಕಡೀಕ ಹೋಗಿ ಬಾ ಅಂದ್ರರಿ ಮಾಸ್ತರ. ಅಕ್ಕಾರ ತಾವೇ ಒಲ್ಲೆ ಅಂದ್ರು," ಎಂದ. ನಿನ್ನ ಅವ್ವನಿಗೆ ಇದನ್ನು ಹೇಳಿಲ್ಲ. ನಿನಗಾಗಿ ಕಟ್ಟಿದ ಉಂಡಿಯ ಡಬ್ಬಿಯನ್ನು ಆಕೆ ಯಾರಿಗೂ ಮುಟ್ಟಗೊಡುತ್ತಿಲ್ಲ. ಈ ಪತ್ರ ಮುಟ್ಟಿದ ಮರುದಿನ ಅದನ್ನು ನಾನೇ ತರುತ್ತೇನೆ. ಒಲ್ಲೆನೆಂಬ ಮಾತನ್ನು ನನ್ನೆದುರು ನಿಂತು ಹೇಳು, ಮಗಳೇ. ಕೇಳಿಕೊಂಡು ತಿರುಗಿ ಬರುತ್ತೇನೆ. ಲೇಖನದಲ್ಲಿ ಒಂದಕ್ಷರವೂ ಬದಲಾಗದು.

ಸೋಮವಾರ, ೧೩ ಆಗಸ್ಟ್ ೧೯೫೬, ಸಂಜೆ ಐದೂವರೆ ಗಂಟೆ.